ಮನೆಯಲ್ಲಿ ಕಲಿತ ಜರ್ಮನ್

ರಟ್ಟು ಸುಲಭಕ್ಕೆ ಬಿಡಲಿಲ್ಲ. ಜರ್ಮನ್ ಟೀಚರ್ ಇಂದು ಪುಸ್ತಕವನ್ನು ಮೊಣಕಾಲಿನ ಮೇಲೆ ಮಗುಚಿಟ್ಟು, ಅದರ ಬೆನ್ನನ್ನು ಹಿಂದಕ್ಕೆ ಬಗ್ಗಿಸಿ, ಹಲ್ಲು ಕಚ್ಚಿ ಎಳೆದಳು. ಗೋಂದು ಚರ್ರೆಂದು ಬಿಟ್ಟು ಅರ್ಧ ಪುಸ್ತಕ ಕೈಗೆ ಬಂತು. ಟೋಕಿಯೋದ ಫುನಾಬೊರಿಯಲ್ಲಿ, ಸಾವಿತ್ರಿಯ ಆರನೇ ಮಹಡಿಯ ಮನೆಯ ಬಾಗಿಲಲ್ಲಿ ಅಂತ್ಯಕ್ರಿಯೆಯ ಕಂಪನಿಯವನು ಕರಿ ಕೋಟು, ಬಿಳಿ ಮಾಸ್ಕು ಹಾಕಿಕೊಂಡು, ಒಳಗೆ ಕಾಲಿಡದೆ ಕಾಯುತ್ತಿದ್ದ. ತೀರಿಕೊಂಡವರಿಗೆ ಇಷ್ಟವಾದ ವಸ್ತುವೇನಾದರೂ ಇದ್ದರೆ ಪೆಟ್ಟಿಗೆಯಲ್ಲಿಡಬಹುದು, ಆದರೆ ಲೋಹ ಬೇಡ, ಗಾಜು ಬೇಡ, ದಪ್ಪ ಪುಸ್ತಕ ಬೇಡ, ಅದು ಸರಿಯಾಗಿ ಸುಡುವುದಿಲ್ಲ ಎಂದು ನಾಲ್ಕು ಸಲ ಸುಮಿಮಾಸೆನ್, ಕ್ಷಮಿಸಿ, ಸೇರಿಸಿ ಹೇಳಿದ್ದ. ಸಾವಿತ್ರಿಯ ಮಗಳು ಅಮೂಲ್ಯ ಕೇಳಿದ್ದು ಅದೊಂದನ್ನೇ. ಅಮ್ಮನ ಜರ್ಮನ್ ಪುಸ್ತಕ.

ಮಗು ಬೇರೆ ಏನನ್ನಾದರೂ ಕೇಳಬಾರದಿತ್ತೇ ಎಂದು ಇಂದು ಬೆಳಗಿನಿಂದ ಅಂದುಕೊಳ್ಳುತ್ತಿದ್ದಳು. ಸೀರೆ ಕೇಳಬಹುದಿತ್ತು, ಶಾಲು ಕೇಳಬಹುದಿತ್ತು. ಒಂದೂವರೆ ವರ್ಷ ಆ ಪುಸ್ತಕವನ್ನು ಸಾವಿತ್ರಿಗೆ ಪಾಠ ಮಾಡಿದವಳು ತಾನೇ. ಪುಟಪುಟದ ಅಂಚಿನಲ್ಲೂ ತನ್ನದೇ ಕೆಂಪು ಶಾಯಿ. ತಪ್ಪು, ತಪ್ಪು, ಮತ್ತೆ ಬರೆ, ಎಷ್ಟು ಸಲ ಹೇಳೋದು.

"ಸಾಕು ಬಿಡೇ, ಅವನು ಎಷ್ಟೊತ್ತು ನಿಂತ್ಕೋತಾನೆ," ಎಂದಳು ತಾರಾ. ತಾರಾ ಅದೇ ಕಟ್ಟಡದ ಎರಡನೇ ಮಹಡಿಯವಳು. ಸಾವಿತ್ರಿ ಸತ್ತ ಭಾನುವಾರದಿಂದ ಈ ಮನೆಗೆ ಅನ್ನ ಸಾರು ಹೊತ್ತದ್ದೂ ಅವಳೇ. "ಒಂದು ಹತ್ತು ಹಾಳೆ ಕೊಟ್ರೆ ಸಾಲ್ದಾ? ಎಲ್ಲಾನೂ ಓದ್ತಾಳಾ ಅವ್ಳು ಅಲ್ಲಿ?"

ಹೇಳಿದ ಮೇಲೆ ತಾರಾ ತಾನೇ ಬಾಯಿ ಮುಚ್ಚಿಕೊಂಡಳು. ಕೋಣೆಯ ಮೂಲೆಯಲ್ಲಿ ಹನ್ನೊಂದು ವರ್ಷದ ಅಮೂಲ್ಯ ಶಾಲೆಯ ನೀಲಿ ಸ್ಕರ್ಟು ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ತಿರುಗಿಯೂ ನೋಡಲಿಲ್ಲ.

ಸಾವಿತ್ರಿಗೆ ಮೂವತ್ತಾರು. ಶನಿವಾರ ಜರ್ಮನ್ ಪರೀಕ್ಷೆ ಬರೆದು ಬಂದಳು, ಭಾನುವಾರ ಬೆಳಗ್ಗೆ ಚಪಾತಿ ಹಿಟ್ಟು ಕಲಸುತ್ತ ಕೂತಲ್ಲೇ ವಾಲಿದಳು. ಮೆದುಳಿನೊಳಗೆ ರಕ್ತನಾಳ ಒಡೆದಿತ್ತು ಎಂದರು ಆಸ್ಪತ್ರೆಯವರು. ಕೊರೋನಾ ಅಲ್ಲ ಎಂದು ಎರಡು ಸಲ ಪರೀಕ್ಷೆ ಮಾಡಿ ಹೇಳಿದರು. ಅಷ್ಟರಮಟ್ಟಿಗೆ ಪುಣ್ಯ. ಇಲ್ಲದಿದ್ದರೆ ಮುಖವನ್ನೂ ತೋರಿಸದೆ ಬೂದಿ ತಂದು ಕೈಗಿಡುತ್ತಿದ್ದರು. ಗಂಡ ಮಧುಕರ್ ಜರ್ಮನಿಯಲ್ಲಿ. ಬರಬೇಕೆಂದರೆ ವೀಸಾ, ಟೆಸ್ಟು, ಕ್ವಾರಂಟೈನು. "ಅಷ್ಟೆಲ್ಲ ಆಗಿ ಬಂದು ನಾನು ಮಾಡೋದೇನಿದೆ ಹೇಳಿ," ಎಂದು ಫೋನಿನಲ್ಲಿ ಅವನು ಇಂದುವನ್ನೇ ಕೇಳಿದ್ದ. "ನೀವಿದೀರಲ್ಲ. ಅಮೂಲ್ಯ ಸ್ವಲ್ಪ ದಿನ ನಿಮ್ಮನೇಲೇ ಇರ್ಲಿ."

ಇರಲಿ ಎಂದು ಇಂದುವೂ ಒಪ್ಪಿಕೊಂಡಿದ್ದಳು. ಒಪ್ಪಿಕೊಂಡಳು ಅನ್ನುವುದಕ್ಕಿಂತ ಬಾಚಿಕೊಂಡಳು. ಅವಳಿಗೆ ಮಕ್ಕಳಿಲ್ಲ. ಗಂಡ ಪ್ರಶಾಂತನಿಗೆ ದೂರದ ಸೆಂಡಾಯ್ ಊರಲ್ಲಿ ಕೆಲಸ, ಕೊರೋನಾ ನೆಪದಲ್ಲಿ ತಿಂಗಳಿಗೊಮ್ಮೆ ಬರುವುದನ್ನೂ ಬಿಟ್ಟಿದ್ದ. ಇವತ್ತಿನಿಂದ ಈ ಹುಡುಗಿ ತನ್ನ ಮನೆಯಲ್ಲಿ ಊಟ ಮಾಡುತ್ತಾಳೆ, ತನ್ನ ಪಕ್ಕದ ಕೋಣೆಯಲ್ಲಿ ಮಲಗುತ್ತಾಳೆ. ಒಂದು ವಿಷಯ ಮಾತ್ರ ಅವಳ ಕಿವಿಗೆ ಬೀಳಬಾರದು. ಅದೊಂದು ಬೀಳದಿದ್ದರೆ ಸಾಕು, ಉಳಿದದ್ದನ್ನೆಲ್ಲ ತಾನು ನೋಡಿಕೊಳ್ಳುತ್ತೇನೆ ಎಂದುಕೊಂಡು ಇಂದು ಉಳಿದರ್ಧ ಪುಸ್ತಕವನ್ನೂ ಹರಿದಳು.

*

ಆ ಪರೀಕ್ಷೆ ಸಾವಿತ್ರಿಗೆ ಬೇಕೇ ಇರಲಿಲ್ಲ.

ಮಧುಕರನನ್ನು ಕಂಪನಿ ಜರ್ಮನಿಗೆ ಕಳಿಸಿದ್ದು ಕೊರೋನಾ ಶುರುವಾಗುವುದಕ್ಕೆ ಎರಡು ತಿಂಗಳು ಮುಂಚೆ. ಸಾವಿತ್ರಿಗೆ ಟೋಕಿಯೋದಲ್ಲಿ ಸ್ವಂತ ಕೆಲಸವಿತ್ತು, ಸ್ವಂತ ವೀಸಾ ಇತ್ತು. ಮಗಳ ಶಾಲೆಯ ವರ್ಷ ಮುಗಿಯಲಿ, ಆಮೇಲೆ ಹೊರಡೋಣ ಎಂದುಕೊಂಡಳು. ಆಗ ಅವನು ಹೇಳಿದ, ಹಾಗೆಲ್ಲ ಸುಮ್ಮನೆ ಬರೋಕಾಗಲ್ಲ, ಹೆಂಡತಿಯಾದವಳು ಜರ್ಮನ್ ಭಾಷೆಯ ಮೊದಲ ಪರೀಕ್ಷೆ ಪಾಸು ಮಾಡಿದರೇ ವೀಸಾ. ಇಂದು ಬೆಂಗಳೂರಿನಲ್ಲಿ ಆರು ವರ್ಷ ಜರ್ಮನ್ ಕಲಿಸಿದವಳು, ಈಗ ಫುನಾಬೊರಿಯ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಬೋರ್ಡು ಹಾಕಿಕೊಂಡು ಕ್ಲಾಸು ನಡೆಸುತ್ತಿದ್ದವಳು. ಸಾವಿತ್ರಿ ಮರುದಿನವೇ ನೋಟ್‌ಬುಕ್ ಹಿಡಿದು ಬಂದಳು.

ಮಧುಕರನ ಥರದ ಕೆಲಸದ ವೀಸಾ ಇದ್ದವರ ಹೆಂಡತಿಗೆ ಭಾಷೆಯ ಸರ್ಟಿಫಿಕೇಟು ಕೇಳುವುದಿಲ್ಲ. ಇಂದುವಿಗೆ ಇದು ಅಂಗೈ ಗೆರೆಯಷ್ಟು ಗೊತ್ತು. ಮೊದಲ ವಾರವೇ ಹೇಳಬೇಕೆಂದಿದ್ದಳು. ಹೇಳುವ ಮುಂಚೆ ಒಮ್ಮೆ ಮಧುಕರನನ್ನೂ ವಿಚಾರಿಸೋಣ ಎಂದು ಫೋನು ಮಾಡಿದಳು.

ಅವನು ನಕ್ಕ. "ಗೊತ್ತು ಕಣ್ರೀ. ಸದ್ಯಕ್ಕೆ ಅವಳಿಗೆ ಹೇಳ್ಬೇಡಿ. ಇವತ್ತು ಹೇಳಿದ್ರೆ ನಾಳೆ ಪೆಟ್ಟಿಗೆ ಕಟ್ಕೊಂಡು ಬಂದು ನಿಂತ್ಕೋತಾಳೆ. ನಾನಿಲ್ಲಿ ಸ್ವಲ್ಪ ಉಸಿರಾಡ್ಬೇಕು. ಹೆಂಗೂ ಸಂಜೆ ಹೊತ್ತು ಮನೇಲಿ ಕೂತಿರ್ತಾಳೆ, ಒಂದು ಭಾಷೆ ಕಲೀಲಿ ಬಿಡಿ. ಅವಳ ಕನ್ನಡಾನೇ ಸರಿಯಿಲ್ಲ, ಇನ್ನು ಜರ್ಮನ್ ಯಾವಾಗ ಪಾಸು ಮಾಡ್ತಾಳೋ."

ಅಂಥ ಮಾತಿಗೆ ಯಾರಾದರೂ ಫೋನು ಕುಕ್ಕುತ್ತಿದ್ದರು. ಇಂದು ಕುಕ್ಕಲಿಲ್ಲ. ಅವತ್ತು ಸಂಜೆಯೂ ಹೇಳಲಿಲ್ಲ, ಮರುವಾರವೂ ಇಲ್ಲ. ಏಪ್ರಿಲ್ ಬಂತು, ಊರೆಲ್ಲ ಬಾಗಿಲು ಹಾಕಿಕೊಂಡಿತು, ಕ್ಲಾಸಿನ ಮಕ್ಕಳೆಲ್ಲ ಆನ್‌ಲೈನಿಗೆ ಹೋದರು. ಸಾವಿತ್ರಿಯೊಬ್ಬಳು ಮಾತ್ರ ಮನೆಯಿಂದಲೇ ಮಾಡುವ ಆಫೀಸು ಕೆಲಸ ಮುಗಿಸಿ ದಿನವೂ ನಾಲ್ಕು ಗಂಟೆಗೆ ಡಬ್ಬಿಯಲ್ಲಿ ಶೇಂಗಾ ಚಟ್ನಿಯನ್ನೋ ಭಾಕ್ರಿಯನ್ನೋ ಹಾಕಿಕೊಂಡು ಕಾಲುವೆ ದಾಟಿ ನಡೆದು ಬರುತ್ತಿದ್ದಳು. ಇಡೀ ದಿನದಲ್ಲಿ ಇಂದು ಕನ್ನಡದಲ್ಲಿ ಬಾಯಿಬಿಡುತ್ತಿದ್ದದ್ದು ಆ ಎರಡು ಗಂಟೆ. ನಿಜ ಹೇಳಿದರೆ ಇವಳು ವಿಮಾನ ಹತ್ತುತ್ತಾಳೆ, ತನಗೆ ಯಾರಿದ್ದಾರೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಆದರೂ ಕಲಿಸುವಾಗ ಇಂದು ಬಿಡುತ್ತಿರಲಿಲ್ಲ. ಸಾವಿತ್ರಿ ನಿಪ್ಪಾಣಿಯ ಹುಡುಗಿ, ಮರಾಠಿ ಮನೆಯವಳು. ಮನೆಯ ವಸ್ತುಗಳಿಗೆಲ್ಲ ಜರ್ಮನ್ ಹೆಸರು ಬರೆದು ಚೀಟಿ ಅಂಟಿಸಿದಳು. ಸಂಜೆ ಆರರಿಂದ ಊಟದವರೆಗೆ ಮಗಳೊಡನೆ ಜರ್ಮನ್ ಬಿಟ್ಟು ಬೇರೆ ಮಾತಾಡುವುದಿಲ್ಲ ಎಂದು ಕಟ್ಟು ಮಾಡಿಕೊಂಡಳು.

"ಹಂಗ ಕಲೀಬಾರದು, ಸಾವಿತ್ರಿ," ಎಂದು ಇಂದು ಅವಳ ಧಾಟಿಯನ್ನೇ ಅಣಕಿಸಿದ್ದಳು. "ನಿಂಗೇ ಬರಲ್ಲ, ಮಗೂಗೆ ಏನು ಕಲಿಸ್ತೀಯ? ಮನೇಲಿ ಮಾತಾಡಿ ಕಲಿತಿದ್ದೆಲ್ಲ ಹರಕು ಭಾಷೆ. ಕ್ಲಾಸಲ್ಲಿ ಕೂತು ಕಲಿತರೇ ಭಾಷೆ."

"ನಮ್ಮ ನಿಪ್ಪಾಣ್ಯಾಗ ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ ಇತ್ತು ನೋಡ್ರಿ ಅಕ್ಕಾರ," ಎಂದಿದ್ದಳು ಸಾವಿತ್ರಿ, ಸಿಟ್ಟಿಲ್ಲದೆ. "ಸಾಲ್ಯಾಗ ಕಲ್ತಿದ್ದು ಪರೀಕ್ಷಾ ಮುಗದ ಮ್ಯಾಲ ಮರತೆ. ಓಣ್ಯಾಗ ಹುಡುಗ್ಯಾರ ಕೂಡ ಜಗಳಾಡಿ ಕಲ್ತಿದ್ದು ಇನ್ನೂ ಬಾಯಾಗ ಐತಿ. ಅಮೂಲ್ಯಾ ಭಾರಿ ಲಗೂ ಕಲ್ಯಾಕತ್ತಾಳ್ರಿ. ನನಗ ಅಕೀನ ತಿದ್ದತಾಳ."

ಇಂದು ಅದನ್ನು ತಾಯಿಯ ಜಂಬವೆಂದುಕೊಂಡಳು. ಅಮೂಲ್ಯ ಒಂದು ದಿನವೂ ಕ್ಲಾಸಿಗೆ ಬರಲಿಲ್ಲ, ಕರೆದರೂ ಬರಲಿಲ್ಲ. ಚೀಟಿ ನೋಡಿ ನಾಲ್ಕು ಹೆಸರು ಬಾಯಿಪಾಠ ಮಾಡಿರಬೇಕು, ಅಷ್ಟೇ. ಪರೀಕ್ಷೆ ಎರಡು ಸಲ ತುರ್ತುಪರಿಸ್ಥಿತಿಯೆಂದು ರದ್ದಾಯಿತು. ಮೂರನೇ ಸಲ ನಡೆದು ಸಾವಿತ್ರಿ ನಾಲ್ಕು ಅಂಕದಲ್ಲಿ ಫೇಲಾದಳು. ಇಂದುವಿನ ಸೋಫಾದ ಮೇಲೆ ಕೂತು, ಮಾಸ್ಕು ನೆನೆಯುವಷ್ಟು ಅತ್ತಳು. ಇಂದು ಬೆನ್ನು ಸವರಿದಳು. ಹೇಳಲಿಲ್ಲ.

*

ಚಿತಾಗಾರದ ಕಾಯುವ ಕೋಣೆಯಲ್ಲಿ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಅಕ್ಟೋಬರಿನ ಗಾಳಿ ನೇರ ಕತ್ತಿಗೆ ಬಡಿಯುತ್ತಿತ್ತು. ಐದು ಜನಕ್ಕಿಂತ ಹೆಚ್ಚು ಬೇಡ ಎಂದಿದ್ದರು, ಇವರು ಬಂದದ್ದೇ ನಾಲ್ಕು ಜನ. ಇಂದು, ಅಮೂಲ್ಯ, ತಾರಾ, ಅವಳ ಗಂಡ ಶ್ರೀಪಾದ. ಪುರೋಹಿತರಿಲ್ಲ. ಶ್ರೀಪಾದನೇ ಮೊಬೈಲು ನೋಡಿಕೊಂಡು ಮಾಸ್ಕಿನೊಳಗೆ ಮಂತ್ರ ಹೇಳಿದ್ದ. ಕರ್ಪೂರ ಹಚ್ಚಲು ಬಿಡಲಿಲ್ಲ, ಹೂವಿನ ಜೊತೆ ಒಂದು ಎಲೆ ತುಳಸಿ ಇಡಲು ಬಿಟ್ಟರು. ಸಾವಿತ್ರಿಯ ಎದೆಯ ಮೇಲೆ ಬಿಡಿ ಹಾಳೆಗಳ ಕಟ್ಟು ಇಟ್ಟವಳು ಅಮೂಲ್ಯ. ಕೆಂಪು ಶಾಯಿ ಕಾಣದಂತೆ ಮೇಲಿನ ಹಾಳೆಯನ್ನು ಮಗುಚಿದವಳು ಇಂದು. ಕುಲುಮೆಯ ಬಾಗಿಲು ಮುಚ್ಚಿ ಈಗ ಅರ್ಧ ಗಂಟೆಯಾಗಿತ್ತು.

"ಪರೀಕ್ಷೆ ಪರೀಕ್ಷೆ ಅಂತ ಪ್ರಾಣಾನೇ ತಿಂದ್ಹಾಕ್ತು," ಎಂದಳು ತಾರಾ, ಹಸಿರು ಚಹಾದ ಲೋಟ ಮೂಗಿನ ಹತ್ತಿರ ಹಿಡಿದು. "ಲಿಫ್ಟಲ್ಲೂ ಪುಸ್ತಕ. ಬಟ್ಟೆ ಒಣಗಾಕ್ತಾನೂ ಅದೇನೋ ಗುನುಗ್ತಾ ಇರೋಳು."

ಶ್ರೀಪಾದ ಮಧುಕರನ ಹಳೆಯ ಸಹೋದ್ಯೋಗಿ. ಮನುಷ್ಯ ಒಳ್ಳೆಯವನು, ಬಾಯಿ ಮಾತ್ರ ಎಲ್ಲಿ ಬೇಕಾದರೂ ಬಿಡುತ್ತಾನೆ.

"ನಂಗೆ ಅದೇ ಅರ್ಥ ಆಗಿಲ್ಲ," ಎಂದ ಅವನು. "ನಮ್ಮ ಆಫೀಸಿಂದಾನೇ ದಿನೇಶ ಹೋದ್ನಲ್ಲ ಜರ್ಮನಿಗೆ, ಸೇಮ್ ವೀಸಾ. ಅವನ ಹೆಂಡ್ತಿ ಒಂದಕ್ಷರ ಜರ್ಮನ್ ಬರದೆ ಹೋದ್ಲು. ಪರೀಕ್ಷೆ ಬೇಡ್ವೇ ಬೇಡ ಅಂತಿದ್ದ ಅವನು. ಇಂದು, ನಿಮ್ಗೆ ಗೊತ್ತಿರ್ಬೇಕಲ್ಲ?"

ಇಂದು ಚಹಾದ ಲೋಟ ಕೆಳಗಿಟ್ಟಳು. "ಅದು ಊರಿಂದ ಊರಿಗೆ ಬೇರೆ ಇರತ್ತೆ," ಎಂದಳು. "ಈಗ ಅದೆಲ್ಲ ಯಾಕೆ, ಮಗು ಇದೆ."

ಮಗು ಎರಡು ಕುರ್ಚಿ ಆಚೆ ಕೂತು ಕಿಟಕಿಯಾಚೆಯ ಪಾರ್ಕಿಂಗ್ ನೋಡುತ್ತಿತ್ತು. ಕೇಳಿಸಿತೋ ಇಲ್ಲವೋ. ಜಪಾನಿ ಶಾಲೆಯಲ್ಲಿ ಬೆಳೆದ ಹುಡುಗಿ, ಹಿರಿಯರ ಕನ್ನಡ ಪೂರಾ ತಲೆಗೆ ಹೋಗಲಿಕ್ಕಿಲ್ಲ ಎಂದು ಇಂದು ಸಮಾಧಾನ ಮಾಡಿಕೊಂಡಳು. ಆಮೇಲೆ ಅಮೂಲ್ಯ ಕೇಳಿದಳು, ಅಮ್ಮನನ್ನು ಅವಳು ಆಯಿ ಎಂದೇ ಕರೆಯುವುದು:

"ಆಂಟಿ, ಆಯಿ ಥರ್ಸ್‌ಡೇ ನಿಮ್ಮನೆಗೆ ಬಂದಾಗ ಹೆಡೇಕ್ ಅಂತ ಹೇಳಿದ್ರಾ?"

"ಹೇಳಿದ್ಲು ಪುಟ್ಟಿ."

"ಯೂ ಟೋಲ್ಡ್ ಹರ್ ವಾಟ್?"

"ಡಾಕ್ಟರ್ ಹತ್ರ ಹೋಗು ಅಂದೆ," ಎಂದಳು ಇಂದು. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಬೆವರಿತು.

*

ಗುರುವಾರ ಸಾವಿತ್ರಿ ಬಂದಾಗ ಕಣ್ಣು ಬಿಡಲಾಗುತ್ತಿರಲಿಲ್ಲ. ಮೂರು ದಿನದಿಂದ ತಲೆಯ ಹಿಂಭಾಗ ಸುತ್ತಿಗೆಯಲ್ಲಿ ಹೊಡೆದ ಹಾಗೆ ಅಂದಳು. ವಾಂತಿಯೂ ಆಗಿತ್ತು.

"ದವಾಖಾನಿಗೆ ಹೋಗಲೇನ್ರಿ ಅಕ್ಕಾರ? ಅಡ್ಮಿಟ್ ಮಾಡ್ಕೊಂಡ್ರ ಶನಿವಾರ ಪರೀಕ್ಷಾ ತಪ್ಪತೈತಿ. ಮುಂದಿನದು ಮಾರ್ಚಿಗೆ."

ಆವಾಗಲಾದರೂ ಹೇಳಬಹುದಿತ್ತು. ಹೋಗೇ ಮಾರಾಯ್ತಿ, ಆ ಪರೀಕ್ಷೆ ಹಾಳಾಗಿ ಹೋಗಲಿ, ನಿನಗೆ ಅದು ಬೇಕೇ ಇಲ್ಲ. ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದಲ್ಲ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಕ್ಕಾರ ಎಂದು. ಒಂದೂವರೆ ವರ್ಷ ಭಾಕ್ರಿ ತಿಂದ ಬಾಯಿಂದ ಏನೆಂದು ಹೇಳುವುದು.

"ಪರೀಕ್ಷೆ ಭಯಕ್ಕೆ ಹಂಗಾಗತ್ತೆ," ಎಂದಳು ಇಂದು. "ಒಂದು ಮಾತ್ರೆ ನುಂಗು. ಭಾನುವಾರದ ಹೊತ್ತಿಗೆ ತಾನಾಗೇ ಹೋಗತ್ತೆ. ಬಾ, ಐದನೇ ಪಾಠ ಇನ್ನೊಂದ್ಸಲ ನೋಡೋಣ."

ಸಾವಿತ್ರಿ ಕೆಂಪು ಶಾಯಿಯ ಪುಟ ತೆರೆದು ಕೂತಳು. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಒಂದು ಕೈ ಹಣೆಗೆ ಅಡ್ಡ ಹಿಡಿದುಕೊಂಡು ಎರಡು ಗಂಟೆ ಪಾಠ ಓದಿದಳು.

*

ಎಲುಬು ಆರಿಸುವ ಕೋಣೆ ಚಿಕ್ಕದು. ನಡುವೆ ಸ್ಟೀಲಿನ ಉದ್ದ ತಟ್ಟೆ, ಅದರ ಮೇಲೆ ಸಾವಿತ್ರಿ. ಬಿಳಿ ಬಿಳಿ ಚೂರುಗಳು, ಅಷ್ಟೇ. ಇನ್ನೂ ಬಿಸಿ ಹೊಡೆಯುತ್ತಿತ್ತು. ಬಿಳಿ ಕೈಗವಸಿನ ಸಿಬ್ಬಂದಿ, ಇಲ್ಲಿಯವರು ಊಟಕ್ಕೆ ಬಳಸುವಂಥ ಕಡ್ಡಿಗಳನ್ನು ಎರಡು ಜೊತೆ ಕೊಟ್ಟ, ಪ್ರತಿ ಜೊತೆಯಲ್ಲೂ ಒಂದು ಬಿದಿರಿನದು, ಒಂದು ಬೇರೆ ಮರದ್ದು. ಇಲ್ಲಿಯ ಕ್ರಮವನ್ನು ಮೆಲ್ಲಗೆ ವಿವರಿಸಿದ. ಒಂದು ಎಲುಬನ್ನು ಇಬ್ಬರು ಸೇರಿ, ಆ ಕಡೆಯಿಂದ ಒಬ್ಬರು ಈ ಕಡೆಯಿಂದ ಒಬ್ಬರು ಹಿಡಿದೆತ್ತಿ ಮಡಕೆಗೆ ಹಾಕಬೇಕು. ಒಬ್ಬರೇ ಎತ್ತುವಂತಿಲ್ಲ. ಪಾದದಿಂದ ಶುರುಮಾಡಿ ತಲೆಯ ಕಡೆಗೆ. ಅಮೂಲ್ಯ ಅದನ್ನೆಲ್ಲ ಕೇಳಿಸಿಕೊಂಡು ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ತನ್ನ ತಾಯಿಯ ಎಲುಬು ಎತ್ತುವುದು ಹೇಗೆಂದು ಹನ್ನೊಂದು ವರ್ಷದ ಹುಡುಗಿ ದೊಡ್ಡವರಿಗೆ ತಿಳಿಸಿಕೊಟ್ಟಳು.

"ನೀನೊಂದು ಕಡೆ, ಇನ್ನೊಂದು ಕಡೆ ಯಾರು?" ಎಂದ ಶ್ರೀಪಾದ.

"ಇಂದು ಆಂಟಿ," ಎಂದಳು ಅಮೂಲ್ಯ.

ಇಂದುವಿನ ಕಣ್ಣು ತುಂಬಿತು. ಇಷ್ಟು ಸಿಕ್ಕರೆ ಸಾಕು, ಇನ್ನೇನೂ ಬೇಡ ಎಂದು ಮನಸ್ಸಿನಲ್ಲೇ ಕೈ ಮುಗಿದಳು. ಕಡ್ಡಿ ಹಿಡಿದು ತಟ್ಟೆಯ ಆಚೆ ಬದಿಗೆ ನಿಂತಳು.

ಫೋಟೋ ತೆಗೆಯುವಂತಿಲ್ಲ, ಕರೆಯಲ್ಲಿ ಮನೆಯವರು ನೋಡುವುದಾದರೆ ಆಗಲಿ ಎಂದು ಸಿಬ್ಬಂದಿ ಒಪ್ಪಿದ್ದ. ತಾರಾ ಫೋನನ್ನು ಎತ್ತಿ ಹಿಡಿದಳು. ಪರದೆಯ ಒಂದು ಚೌಕದಲ್ಲಿ ನಿಪ್ಪಾಣಿ, ಸಾವಿತ್ರಿಯ ತಾಯಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದರು. ಇನ್ನೊಂದರಲ್ಲಿ ಮಧುಕರ್. ಅಲ್ಲಿ ಬೆಳಗಿನ ಏಳು ಗಂಟೆ, ತಲೆಕೂದಲು ಬಾಚಿರಲಿಲ್ಲ.

ಪಾದದ ಎಲುಬು ಹೋಯಿತು. ಮೊಣಕಾಲಿನದು ಹೋಯಿತು. ಅಮೂಲ್ಯಳ ಕಡ್ಡಿ ಒಂದಿಷ್ಟೂ ಜಾರಲಿಲ್ಲ. ಇಂದುವಿನದೇ ಎರಡು ಸಲ ಜಾರಿತು, ಹುಡುಗಿ ಕಾದು ನಿಂತು ಮತ್ತೆ ಹಿಡಿದಳು. ಎದೆಯ ಭಾಗಕ್ಕೆ ಬರುವಾಗ ಫೋನಿನಲ್ಲಿ ಮಧುಕರನ ಚೌಕದಿಂದ ಬಾಗಿಲು ತೆರೆದ ಸದ್ದು, ಆಮೇಲೆ ಒಂದು ಹೆಣ್ಣುದನಿ ಕೇಳಿಸಿತು. ಜರ್ಮನ್ ಮಾತು. ಮಧುಕರ್ ಮುಖ ಆಚೆ ತಿರುಗಿಸಿ ಅದೇ ಭಾಷೆಯಲ್ಲಿ ಉತ್ತರ ಕೊಟ್ಟ. ದನಿಯನ್ನು ತಗ್ಗಿಸಲೂ ಇಲ್ಲ. ಅಲ್ಲಿ ಯಾರಿಗೆ ತಿಳಿಯಬೇಕು, ಮೇಡಂ ಒಬ್ಬರಿಗೆ, ಅವರು ನಮ್ಮವರೇ ಎಂಬ ಧೈರ್ಯ.

ಇಂದುವಿಗೆ ಅಕ್ಷರಕ್ಷರವೂ ತಿಳಿಯಿತು.

ಯಾರು ತೀರಿಕೊಂಡದ್ದು, ಎಂದಳು ಅವಳು.

ದೂರದ ಸಂಬಂಧಿ ಒಬ್ಬಳು. ಜಪಾನಿನಲ್ಲಿ. ಇನ್ನು ಹತ್ತು ನಿಮಿಷ ಅಷ್ಟೇ, ನೀನು ಕಾಫಿ ಇಟ್ಟಿರು, ಎಂದ ಇವನು.

"ಏನಂದಾ ಅಂವಾ?" ಎಂದರು ನಿಪ್ಪಾಣಿಯ ಮುದುಕಿ. ಕಿವಿ ಫೋನಿಗೆ ತಂದರು. "ಯಾರ ಕೂಡ ಮಾತಾಡಿದಾ? ಏ ತಂಗಿ, ನೀ ಮಾಸ್ತರಬಾಯಿ ಅಲ್ಲಾ, ಹೇಳ. ನನ್ನ ಮಗಳ ಸಲುವಾಗಿ ಏನಂದಾ?"

ಎಲ್ಲರೂ ಇಂದುವಿನ ಮುಖ ನೋಡಿದರು. ತಾರಾ ಫೋನನ್ನು ಅವಳ ಕಡೆ ತಿರುಗಿಸಿದಳು. ಪರದೆಯಲ್ಲಿ ಮಧುಕರನ ಕಣ್ಣು ಅವಳನ್ನೇ ಹಿಡಿದಿತ್ತು. ಈಗ ನಿಜ ಹೇಳಿದರೆ ಅವನೂ ಬಾಯಿ ಬಿಡುತ್ತಾನೆ, ಪರೀಕ್ಷೆ ಬೇಡವೆಂದು ಮೇಡಂಗೆ ಮೊದಲಿಂದ ಗೊತ್ತಿತ್ತು ಎಂದು.

"ಅವ್ರ ಪಕ್ಕದ ಮನೆಯೋರು, ಅಜ್ಜಿ," ಎಂದಳು ಇಂದು. "ಸಮಾಧಾನ ಹೇಳೋಕೆ ಬಂದಿದ್ರು. ಹೆಂಡ್ತಿ ಹೋಗ್ಬಿಟ್ಲು, ಕೈಯಾರೆ ಕಳಿಸೋಕೂ ಆಗ್ಲಿಲ್ಲ ಅಂತ ಹೇಳ್ತಿದ್ರು ಪಾಪ."

ಮುದುಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ಅವರ ಅಳು ಫೋನಿನೊಳಗಿಂದ ತೂತು ಡಬ್ಬಿಯ ಸದ್ದಿನ ಹಾಗೆ ಬರುತ್ತಿತ್ತು.

ಸಿಬ್ಬಂದಿ ಕತ್ತಿನ ಎಲುಬನ್ನು ತೋರಿಸಿದ. ಇದನ್ನು ಕೊನೆಗೆ ಇಡುತ್ತೇವೆ, ತುಂಬ ಮುಖ್ಯವಾದದ್ದು, ಹತ್ತಿರದವರು ಎತ್ತಬೇಕು ಎಂದ. ಇಂದು ಒಂದು ಕಡೆಯಿಂದ ಹಿಡಿದಳು. ಅಮೂಲ್ಯ ಇನ್ನೊಂದು ಕಡೆಯಿಂದ ಹಿಡಿದಳು. ಎಲುಬು ತಟ್ಟೆಯಿಂದ ಮೇಲೆದ್ದಿತು.

"ಆಂಟಿ, ಅಪ್ಪ ಹಾಗೆ ಹೇಳಿಲ್ಲ," ಎಂದಳು ಅಮೂಲ್ಯ.

ಕನ್ನಡದಲ್ಲೇ ಹೇಳಿದಳು. ಆಮೇಲೆ ಫೋನಿನ ಕಡೆ ನೋಡಿ, ಒಂದೊಂದೇ ಮಾತು ಹುಡುಕಿಕೊಂಡು, "ಆಜಿ, ಅಪ್ಪ ಹೇಳಿದ್ದು, ಇದು ದೂರದ ರಿಲೇಟಿವ್. ಟೆನ್ ಮಿನಿಟ್ಸಲ್ಲಿ ಆಗತ್ತೆ. ಕಾಫಿ ಮಾಡು ಅಂತ," ಎಂದಳು.

ನಿಪ್ಪಾಣಿಯ ಅಳು ನಿಂತಿತು. ಮಧುಕರನ ಚೌಕ ಫಕ್ಕನೆ ಕಪ್ಪಾಯಿತು.

ಒಂದು ಕ್ಷಣ ಇಂದು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತೇನೋ. ಹೌದು ಮಗಳೇ, ನಾನು ಸುಳ್ಳು ಹೇಳಿದೆ ಎಂದಿದ್ದರೆ ಹುಡುಗಿ ಇವತ್ತಲ್ಲದಿದ್ದರೆ ಇನ್ನೊಂದು ದಿನ ಮನ್ನಿಸುತ್ತಿದ್ದಳೇನೋ. ಆದರೆ ಆರು ವರ್ಷ ಬೆಂಗಳೂರಿನಲ್ಲಿ, ಮೂರು ವರ್ಷ ಇಲ್ಲಿ ಕೆಂಪು ಶಾಯಿ ಹಿಡಿದ ಕೈ ಅದು.

"ಇಲ್ಲ ಪುಟ್ಟಿ, ನಿಂಗೆ ಸರಿಯಾಗಿ ಅರ್ಥ ಆಗಿಲ್ಲ," ಎಂದಳು ಇಂದು, ಪಾಠ ಹೇಳುವ ಮೃದು ದನಿಯಲ್ಲಿ. "ನೀನು ಕ್ಲಾಸಿಗೆ ಬರ್ಲಿಲ್ಲ ನೋಡು. ಅಮ್ಮ ಮನೇಲಿ ಹೇಳ್ಕೊಟ್ಟಿದ್ದು ಅದು, ಅವಳಿಗೇ ತಪ್ಪು ತಪ್ಪಾಗಿ ಬರ್ತಿತ್ತು."

ಅಮೂಲ್ಯ ಇಂದುವಿನ ಮುಖವನ್ನು ನೋಡಿದಳು. ಕಾಯುವ ಕೋಣೆಯಲ್ಲಿ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರವನ್ನೂ, ಅದಕ್ಕೆ ಮುಂಚೆ ಶ್ರೀಪಾದ ಅಂಕಲ್ ಹೇಳಿದ್ದನ್ನೂ ಒಂದರ ಪಕ್ಕ ಒಂದಿಟ್ಟು ನೋಡುತ್ತಿದ್ದಾಳೆಂದು ಇಂದುವಿಗೆ ಆಗ ತಿಳಿಯಿತು. ಹುಡುಗಿ ತನ್ನ ಕಡ್ಡಿಗಳನ್ನು ಎಲುಬಿನಿಂದ ನಿಧಾನವಾಗಿ ಬಿಡಿಸಿಕೊಂಡು, ಜೋಡಿಸಿ, ತಟ್ಟೆಯ ಅಂಚಿಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಸಾವಿತ್ರಿಯ ಕತ್ತಿನ ಎಲುಬು ಇಂದುವೊಬ್ಬಳ ಕಡ್ಡಿಯಲ್ಲಿ ಉಳಿಯಿತು. ಮಡಕೆಗೆ ಹಾಕುವಂತಿಲ್ಲ, ಕೆಳಗಿಡಲೂ ಧೈರ್ಯ ಬರಲಿಲ್ಲ. ಸಿಬ್ಬಂದಿ ತಲೆ ಬಗ್ಗಿಸಿ, ಇನ್ನೊಬ್ಬರು ದಯವಿಟ್ಟು ಬನ್ನಿ ಎಂದು ಜಪಾನಿಯಲ್ಲಿ ಹೇಳಿದ. ಯಾರೂ ಅದನ್ನು ಕನ್ನಡಕ್ಕೆ ಹೇಳಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ತಾರಾ ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. ಶ್ರೀಪಾದ ತನ್ನ ಬೂಟು ನೋಡುತ್ತಿದ್ದ. ಇಂದು ಹಿಡಿದ ಎಲುಬಿನಿಂದ ಬಿಳಿ ಪುಡಿ ಸ್ಟೀಲಿನ ತಟ್ಟೆಯ ಮೇಲೆ ಸ್ವಲ್ಪಸ್ವಲ್ಪವೇ ಉದುರುತ್ತಿತ್ತು.